ಸತ್ತ ಕೋಶದ ಬೆಳಕು

ಅಣ್ಣನಿಗೆ ಸುಳ್ಳು ಹೇಳಬೇಕೆಂದು ಮಿಣುಕಿ ಹೇಳಿದ್ದಲ್ಲ. ಖುಷಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. ಆದರೆ ಮಾತು ಹೊರಬಿದ್ದ ಮೇಲೆ ಅದನ್ನು ಖುಷಿಯಲ್ಲಿ ಆಡಿದ್ದೋ ಕೋಪದಲ್ಲಿ ಆಡಿದ್ದೋ ಎಂದು ಯಾರು ಕೇಳುತ್ತಾರೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹಿರಿಯರ ಮಾತನ್ನು ನಾವು ಎಲ್ಲ ಮುಗಿದ ಮೇಲೆಯೇ ನೆನಪಿಸಿಕೊಳ್ಳುವುದು, ಅದು ಬೇರೆ ವಿಷಯ.

ಮಿಣುಕಿ ಎನ್ನುವುದು ಅವಳ ನಿಜವಾದ ಹೆಸರಲ್ಲ. ಮಿಣುಕುಹುಳದಿಂದ ಅಣ್ಣ ಎತ್ತಿಕೊಂಡ ಅಡ್ಡಹೆಸರು. ಅವಳ ಕೆಲಸವೇ ಹಾಗಿತ್ತು. ದೊಡ್ಡಾಸ್ಪತ್ರೆಯ ಹಿಂಬದಿಯ ಸಂಶೋಧನಾಲಯದಲ್ಲಿ ಅವಳು ಇಲಿಗಳ ಹೃದಯಕ್ಕೆ ಕಾಂಡಕೋಶ ಹಾಕುತ್ತಿದ್ದಳು. ಕಾಂಡಕೋಶವೆಂದರೆ ಮುಂದೆ ತಾನೇನಾಗಬೇಕೆಂದು ಇನ್ನೂ ತೀರ್ಮಾನ ಮಾಡಿಕೊಳ್ಳದ ಎಳೆಯ ಜೀವಕೋಶ. ಹೃದಯಾಘಾತದಲ್ಲಿ ಸತ್ತುಹೋದ ಸ್ನಾಯುವಿನ ಜಾಗದಲ್ಲಿ ಅವು ಬೇರೂರಿದರೆ ಹೃದಯಕ್ಕೆ ಮತ್ತೆ ಬಲ ಬರಬಹುದೆಂಬ ಆಸೆ. ಆದರೆ ಸೂಜಿಯಿಂದ ಹಾಕಿದ ಕೋಶ ಅಲ್ಲೇ ಉಳಿಯಿತೋ, ರಕ್ತದಲ್ಲಿ ತೇಲಿಹೋಯಿತೋ, ಸತ್ತೇಹೋಯಿತೋ, ತಿಳಿಯುವುದು ಹೇಗೆ? ಅದಕ್ಕಾಗಿ ಅವಳು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣಗಳನ್ನು ಆ ಕೋಶಗಳಿಗೆ ಮೊದಲೇ ನುಂಗಿಸಿಬಿಡುತ್ತಿದ್ದಳು. ತಕ್ಕ ಬೆಳಕು ಬಿಟ್ಟರೆ ಆ ಕಣಗಳು ಕೆಂಪಗೆ ಹೊಳೆಯುತ್ತವೆ. ಕೆಂಪು ಎಲ್ಲಿದೆಯೋ ಕೋಶ ಅಲ್ಲಿದೆ. ಮೇಯಲು ಬಿಟ್ಟ ಹಸುವಿನ ಕೊರಳಿಗೆ ಗಂಟೆ ಕಟ್ಟಿದ ಹಾಗೆ.

ಇನ್ನು ಅಣ್ಣ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು, ಇನ್ನರ್ಧ ಜನ ಅವನ ಶಿಷ್ಯರಿಗೆ ದಾರಿ ಬಿಟ್ಟು ಜೀವ ಉಳಿಸಿಕೊಂಡವರು. “ಭಯ ಇದ್ರೆ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ, ಮುಂದೆ ಬರ್ಬೇಡಿ” ಎನ್ನುವುದು ಅವನ ಮೊದಲ ಪಾಠ. ಭಯವೆಂದರೆ ಅವನಿಗೆ ಆಗದು. ಎದೆನೋವು ಬಂದದ್ದೂ ಪಾಠದ ನಡುವೆಯೇ. ಸ್ಟೀರಿಂಗ್ ಹಿಡಿದಿದ್ದ ಶಿಷ್ಯೆಗೆ ಗಾಡಿ ಪಕ್ಕಕ್ಕೆ ಹಾಕಲು ಹೇಳಿ, ಹ್ಯಾಂಡ್‌ಬ್ರೇಕ್ ಎಳೆಸಿ, ಇಂಡಿಕೇಟರ್ ಆರಿಸಲು ಮರೆತದ್ದಕ್ಕೆ ಬೈದು, ಆಮೇಲೆ “ಈಗ ಆಂಬುಲೆನ್ಸಿಗೆ ಫೋನ್ ಮಾಡಿ” ಎಂದನಂತೆ.

ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿದ್ದವು. ಎಡಭಾಗದ ಸ್ನಾಯು ಸೋತಿತ್ತು. ಬೈಪಾಸ್ ಆಪರೇಷನ್ ಮಾಡಿಸಿಕೊಳ್ಳಿ, ತಡ ಮಾಡಿದಷ್ಟೂ ಇನ್ನಷ್ಟು ಸೋಲುತ್ತದೆ ಎಂದು ಸರ್ಜನ್ ಹೇಳಿ ಕಳಿಸಿದ್ದರು. ಮನೆಗೆ ಬಂದವನು ಯೋಚಿಸಿ ಹೇಳುತ್ತೇನೆಂದು ಹಾಸಿಗೆ ಹಿಡಿದು ಕೂತಿದ್ದ. ಅದೇ ವಾರ ಮಿಣುಕಿಯ ಯಂತ್ರದ ತೆರೆಯ ಮೇಲೆ ಒಂದು ಇಲಿಯ ಹೃದಯ ಕೆಂಪಗೆ ಹೊಳೆಯಿತು. ಕೋಶ ಹಾಕಿ ವಾರಗಳೇ ಆಗಿದ್ದವು. ಬೇರೆ ಬಗೆಯ ಗುರುತು ಹಾಕಿದವರ ಪ್ರಯೋಗಗಳಲ್ಲಿ ಇಷ್ಟು ಹೊತ್ತಿಗೆ ಕೋಶಗಳೆಲ್ಲ ಸತ್ತು ತೆರೆ ಕಪ್ಪಾಗಿರುತ್ತಿತ್ತು. ಅವಳದು ಮಾತ್ರ ಕೆಂಡದ ಹಾಗೆ ಉಳಿದಿತ್ತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ. ಅವಳು ಆ ಫೋಟೋ ಫೋನಿಗೆ ಹಾಕಿಕೊಂಡು ನೇರ ಅಣ್ಣನ ಮನೆಗೆ ಓಡಿದಳು.

ಅಣ್ಣ ದಿಂಬನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ತಿರುಗಿಸಿ ನೋಡಿದ. “ಇದು ಇಲಿ ಹೃದಯಾನಾ?”

“ಹೂಂ. ಸತ್ತ ಜಾಗದಲ್ಲಿ ಹೊಸ ಕೋಶ ಕೂತಿದೆ ನೋಡು.”

“ಬರೀ ಸೂಜೀಲಿ? ಎದೆ ಕೊಯ್ಯದೆ?”

“ಸೂಜೀಲೇ.”

ಅವನು ದಿಂಬು ಪಕ್ಕಕ್ಕಿಟ್ಟು ಕೇಳಿದ: “ನನಗೂ ಆಗುತ್ತೇನೇ ಇದು?”

ಇದು ಇಲಿ ಅಣ್ಣಾ, ಮನುಷ್ಯರಿಗೆ ಬರುವ ಹೊತ್ತಿಗೆ ನನ್ನ ತಲೆ ಬೆಳ್ಳಗಾಗಿರುತ್ತೆ, ನೀನು ಸುಮ್ಮನೆ ಆಪರೇಷನ್ ಮಾಡಿಸ್ಕೊ ಅನ್ನಬೇಕಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎಷ್ಟೋ ದಿನಗಳಿಂದ ಕಳೆಗುಂದಿದ್ದ ಆ ಮುಖದಲ್ಲಿ ಕಳೆ ಬಂದಿತ್ತು. ಹುಟ್ಟಿದಾಗಿನಿಂದ ಅವಳನ್ನು ಗೇಲಿ ಮಾಡಿಕೊಂಡೇ ಬಂದಿದ್ದ ಅಣ್ಣ ಮೊದಲ ಸಲ ಅವಳನ್ನು ದೊಡ್ಡ ಡಾಕ್ಟರನ್ನು ನೋಡುವ ಹಾಗೆ ನೋಡುತ್ತಿದ್ದ. ಆ ನೋಟಕ್ಕೆ ಅವಳು ಸೋತಳು.

“ಆಗದೆ ಏನು? ಸ್ವಲ್ಪ ಕಾಯಬೇಕು ಅಷ್ಟೆ” ಎಂದಳು.

ಅವನು ಕಾಯತೊಡಗಿದ.

ಸರ್ಜನ್ ಕಡೆಯಿಂದ ಫೋನ್ ಬಂದರೆ “ನಮ್ಮ ಮನೇಲೇ ವ್ಯವಸ್ಥೆ ಇದೆ” ಎಂದ. ಡ್ರೈವಿಂಗ್ ಸ್ಕೂಲಿನ ಆಫೀಸಿನಲ್ಲಿ ಕೂತು ಬಂದ ಶಿಷ್ಯರಿಗೆಲ್ಲ ಫೋಟೋ ತೋರಿಸಿದ. “ಇದೇನು ಅಂದ್ಕೊಂಡ್ರಿ? ಟೊಮೇಟೊ ಅಲ್ಲ. ಹೃದಯ. ನನ್ನ ತಂಗಿ ರಿಪೇರಿ ಮಾಡಿದ್ದು. ಮುಂದಿನ ಗಾಡಿ ನಂದೇ.” ಆಫೀಸಿನ ಫೋನು, ಶಿಷ್ಯರ ಸಮಯ ಎಲ್ಲ ನೋಡಿಕೊಳ್ಳುತ್ತಿದ್ದ ಅತ್ತಿಗೆ ಮೊದಮೊದಲು ಅನುಮಾನ ಪಟ್ಟರು. ಆಪರೇಷನ್ ಮುಂದಕ್ಕೆ ಹಾಕಿದರೆ ಏನೂ ತೊಂದರೆ ಇಲ್ಲವೇ ಎಂದು ಮಿಣುಕಿಗೆ ಫೋನ್ ಮಾಡಿ ಕೇಳಿದರು. ಮಿಣುಕಿ ಆಗ ಇಲಿಗೆ ಅರಿವಳಿಕೆ ಕೊಡುತ್ತಿದ್ದಳು, ಕೈ ಬಿಡುವಿರಲಿಲ್ಲ. “ಆಮೇಲೆ ಮಾತಾಡ್ತೀನಿ ಅತ್ತಿಗೆ” ಎಂದಳು. ಆಮೇಲೆ ಮಾತಾಡಲಿಲ್ಲ. ಅದನ್ನೇ ಅತ್ತಿಗೆ ಒಪ್ಪಿಗೆ ಎಂದುಕೊಂಡರು.

ಲ್ಯಾಬಿನ ಹಿರಿಯ ಮೇಡಂ ಹೊಗಳುವುದು ಕಡಿಮೆ, ಕೇಳುವುದು ಜಾಸ್ತಿ. ಫೋಟೋಗಳನ್ನೆಲ್ಲ ನೋಡಿ ಕನ್ನಡಕ ತೆಗೆದು ಒಂದೇ ಪ್ರಶ್ನೆ ಕೇಳಿದರು. “ಸತ್ತ ಕೋಶ ಹಾಕಿ ನೋಡಿದೀಯಾ?”

ಈ ಕೆಲಸದಲ್ಲಿ ಅದೊಂದು ಶಾಸ್ತ್ರ. ಜೀವಂತ ಕೋಶಗಳನ್ನು ಹಾಕಿದ ಹಾಗೆಯೇ, ಕಣ ನುಂಗಿಸಿ ಬೇಕೆಂದೇ ಕೊಂದ ಕೋಶಗಳನ್ನೂ ಬೇರೆ ಇಲಿಗಳಿಗೆ ಹಾಕಬೇಕು. ಅಲ್ಲಿ ಬೆಳಕು ಆರಿಹೋಗಿ ಇಲ್ಲಿ ಉಳಿದರೆ ಮಾತ್ರ ಬೆಳಕನ್ನು ನಂಬಬಹುದು. ಮಿಣುಕಿಗೆ ಇದು ಗೊತ್ತಿಲ್ಲದ್ದಲ್ಲ, ಹೊಸಬರಿಗೆ ಹೇಳಿಕೊಡುತ್ತಿದ್ದವಳೇ ಅವಳು. ಆದರೆ ಅದಕ್ಕೆ ಇನ್ನಷ್ಟು ಇಲಿ ಬೇಕು, ಇನ್ನಷ್ಟು ವಾರ ಬೇಕು. ಸತ್ತದ್ದನ್ನು ಹಾಕಿ ನೋಡುವುದೇನಿದೆ, ಆಮೇಲೆ ಮಾಡಿದರಾಯಿತು ಎಂದು ಬಿಟ್ಟಿದ್ದಳು.

“ಮಾಡ್ತಾ ಇದೀನಿ ಮೇಡಂ” ಎಂದಳು. ಅವತ್ತೇ ಶುರು ಮಾಡಿದಳು.

ಕತ್ತಲೆ ಕೋಣೆಯೆಂದು ಅವರು ಕರೆಯುವ ಆ ಕೋಣೆಗೆ ಕಿಟಕಿಯಿಲ್ಲ. ಹೊರಗೆ ಮಟಮಟ ಮಧ್ಯಾಹ್ನವಾದರೂ ಒಳಗೆ ತೆರೆಯ ಬೆಳಕೊಂದೇ. ಸತ್ತ ಕೋಶ ಹಾಕಿದ ಇಲಿಯನ್ನು ಅವಳು ಯಂತ್ರದೊಳಗೆ ಮಲಗಿಸಿ ಬಾಗಿಲು ಮುಚ್ಚಿದಳು. ತೆರೆ ಕಪ್ಪಾಗಿ ಉಳಿಯಬೇಕಿತ್ತು. ಉಳಿಯಲಿಲ್ಲ. ಎದೆಯ ಜಾಗದಲ್ಲಿ ಅದೇ ಕೆಂಪು, ಅದೇ ಕೆಂಡ ಎದ್ದಿತು. ಇಲಿ ಅದಲು ಬದಲಾಗಿರಬೇಕೆಂದು ಕಿವಿಯ ಗುರುತು ನೋಡಿದಳು. ಬದಲಾಗಿರಲಿಲ್ಲ. ಎರಡನೆಯದನ್ನು ಮಲಗಿಸಿದಳು. ಅದೂ ಹೊಳೆಯಿತು.

ಉಳಿದದ್ದನ್ನು ಸೂಕ್ಷ್ಮದರ್ಶಕ ಹೇಳಿತು. ಹೃದಯವನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಬೆಳಕು ಯಾರ ಹೊಟ್ಟೆಯಲ್ಲಿದೆ ಎಂದು ನೋಡಿದಳು. ಅವಳು ಹಾಕಿದ ಕೋಶಗಳು ಎಲ್ಲೂ ಇರಲಿಲ್ಲ. ಮೈಯಲ್ಲಿ ಸತ್ತದ್ದನ್ನೆಲ್ಲ ನುಂಗಿ ಶುಚಿ ಮಾಡುವ ಭಕ್ಷಕ ಕೋಶಗಳಿರುತ್ತವೆ, ಅವುಗಳ ಹೊಟ್ಟೆಯಲ್ಲಿ ಕಣಗಳು ಗುಂಪುಗುಂಪಾಗಿ ಹೊಳೆಯುತ್ತಿದ್ದವು. ಜೀವಂತ ಕೋಶ ಹಾಕಿದ್ದ ಇಲಿಗಳಲ್ಲೂ ಅದೇ ಕತೆ. ಹಾಕಿದ ಕೋಶ ಕೆಲವೇ ದಿನಗಳಲ್ಲಿ ಸತ್ತಿತ್ತು, ಸತ್ತದ್ದನ್ನು ಇವು ತಿಂದಿದ್ದವು, ತಿಂದ ಕಣ ಕರಗದೆ ಹೊಳೆಯುತ್ತಿತ್ತು. ಹಸುವನ್ನು ಹುಲಿ ತಿಂದಿತ್ತು, ಗಂಟೆಯನ್ನೂ ನುಂಗಿತ್ತು. ಗಂಟೆಯ ಸದ್ದು ಕೇಳಿ ಇವಳು ಹಸು ಮೇಯುತ್ತಿದೆಯೆಂದು ಊರಿಗೆಲ್ಲ ಸಾರಿದ್ದಳು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಲೇಖನ ಅಚ್ಚಾಗೋ ಮುಂಚೆ ಗೊತ್ತಾಯ್ತಲ್ಲ, ಒಳ್ಳೇದಾಯ್ತು ಬಿಡು. ಈ ಕೆಲಸದಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಮೋಸ ಹೋಗೋರೇ. ಇಲಿ ತಾನೇ, ಯಾರಿಗೂ ಏನೂ ಆಗಿಲ್ಲ” ಎಂದರು.

ಯಾರಿಗೂ ಏನೂ ಆಗಿಲ್ಲ. ಮಿಣುಕಿ ತಲೆಯಾಡಿಸಿ ಹೊರಗೆ ಬಂದಳು. ಕೈ ತೊಳೆಯುವ ತೊಟ್ಟಿಯ ಮುಂದೆ ನಿಂತು ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದಳು. ಅವಳಿಗೆ ಅಷ್ಟು ನಾಚಿಕೆಯಾಗಿತ್ತು. ಪ್ರಯೋಗ ಸೋತದ್ದಕ್ಕಲ್ಲ, ಸೋಲು ಅವಳ ಕಸುಬಿನಲ್ಲಿ ದಿನದ ಊಟ. ಅಣ್ಣನ ಮುಂದೆ ಒಂದೇ ಒಂದು ಸಂಜೆ ದೊಡ್ಡವಳಾಗಲು ಅವನ ಎದೆಯನ್ನೇ ಪಣಕ್ಕಿಟ್ಟೆನಲ್ಲ ಎಂದು.

ಇಷ್ಟಾದರೂ ಇನ್ನೂ ಕಾಲ ಮಿಂಚಿರಲಿಲ್ಲ. ಆ ಸಂಜೆಯೇ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು, ಇದನ್ನು ಹೇಳುವ ಕೆಲಸವೂ ನನಗಿರುತ್ತಿರಲಿಲ್ಲ. ಅವಳು ಹೋದದ್ದೇನೋ ನಿಜ.

ಬಾಗಿಲು ತೆಗೆದ ಅತ್ತಿಗೆ ಅವಳ ಕೈ ಹಿಡಿದುಕೊಂಡೇ ಒಳಗೆ ಕರೆದುಕೊಂಡು ಹೋದರು. “ನೀನೊಬ್ಬಳು ಇಲ್ದೇ ಇದ್ರೆ ಇವರು ಹಾಸಿಗೇಲೇ ಕೊರಗಿಬಿಡೋರು. ಈಗ ನೋಡು, ಹಾಡು ಹೇಳ್ತಾ ಇರ್ತಾರೆ” ಎಂದರು. ಅಣ್ಣ ನಿಜವಾಗಿ ಏನೋ ಗುನುಗುತ್ತ ಕೂತಿದ್ದ. ಮುಖ ಮೊದಲಿಗಿಂತ ಬಿಳಿಚಿಕೊಂಡಿತ್ತು, ಕಾಲು ಊದಿತ್ತು.

“ಬಂದ್ರಾ ಡಾಕ್ಟ್ರಮ್ಮ! ನಿಮ್ಮ ಇಲಿಗಳೆಲ್ಲ ಕ್ಷೇಮಾನಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಿಣುಕಿ ಬೆಚ್ಚಿದಳು. “ಅಣ್ಣಾ, ನೀನು ಆ ಆಪರೇಷನ್ ಮಾಡಿಸ್ಕೊಂಡುಬಿಡು.”

“ಯಾಕೆ? ನಿಂದು ಬರುತ್ತಲ್ಲ?”

“ಬರುತ್ತೆ... ಅದು ಸ್ವಲ್ಪ ತಡ ಆಗಬಹುದು. ಇನ್ನೂ ಕೆಲವು ವಿಷಯ ನೋಡ್ಬೇಕಾಗಿದೆ.”

ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದು. ಸತ್ತಿದೆ ಎನ್ನುವ ಬದಲು ತಡ ಎಂದಳು. ಸುಳ್ಳಾಯಿತು ಎನ್ನುವ ಬದಲು ನೋಡಬೇಕಾಗಿದೆ ಎಂದಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಅವಳಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅವರಿಬ್ಬರ ಮುಖ ನೋಡಿಕೊಂಡು ಆ ಮಾತು ಹೇಳುವ ಧೈರ್ಯ ಅವಳಿಗಿರಲಿಲ್ಲ, ಅಷ್ಟೆ.

ಅಣ್ಣ ನಕ್ಕ. “ಅಷ್ಟೇನಾ? ಲೈಸೆನ್ಸಿಗೆ ಅಂತ ಬಂದೋರಿಗೆ ದಿನಾ ನಾನು ಹೇಳೋದೂ ಅದೇ. ಅವಸರ ಮಾಡ್ಬೇಡಿ ಅಂತ. ನೀನು ನಿಧಾನಕ್ಕೆ ಮಾಡು, ನಾನು ಕಾಯ್ತೀನಿ.”

ಅವಳು ಟೀ ಕುಡಿದು ಎದ್ದು ಬಂದಳು. ದಾರಿಯುದ್ದಕ್ಕೂ ನಾಳೆ ಹೇಳುತ್ತೇನೆ ಅಂದುಕೊಂಡಳು. ಆ ನಾಳೆ ತುಂಬ ದಿನ ನಾಳೆಯಾಗಿಯೇ ಉಳಿಯಿತು.

ಒಂದು ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಮೆಟ್ಟಿಲು ಹತ್ತುವಾಗ ಅಣ್ಣನಿಗೆ ಉಸಿರು ಸಿಕ್ಕಲಿಲ್ಲ. ಎರಡನೆಯ ಸಲ ಹೃದಯಾಘಾತ. ಮಿಣುಕಿ ಬಿಳಿ ಕೋಟಿನಲ್ಲೇ ಲ್ಯಾಬಿನಿಂದ ಆಸ್ಪತ್ರೆಯ ಮುಂಭಾಗಕ್ಕೆ ಓಡಿದಳು. ದಿನವೂ ನಡೆಯುವ ಆ ಓಣಿ ಅವಳಿಗೆ ಅವತ್ತು ಮುಗಿಯಲೇ ಇಲ್ಲ.

ಅತ್ತಿಗೆ ಔಷಧಿ ತರಲು ಹೋಗಿದ್ದರು. ಅಣ್ಣನ ಮೂಗಿಗೆ ಆಮ್ಲಜನಕದ ನಳಿಕೆ, ಎದೆಗೆ ವೈರುಗಳು. ಅವಳನ್ನು ಕಂಡು ಹುಬ್ಬು ಹಾರಿಸಿದ. ಮಾತು ತುಂಡುತುಂಡಾಗಿ ಬಂತು. “ಸರ್ಜನ್ ನಾಳೇನೇ ಕೊಯ್ತಾರಂತೆ... ನಿಂದು ಇನ್ನೂ ಎಷ್ಟು ದಿನ? ನಾಲ್ಕು ದಿನ ಅಂದ್ರೆ ಅವರನ್ನ ತಡೀತೀನಿ.”

ಆಗ ಅವಳು ಹೇಳಿದಳು. ಇನ್ನು ಹೇಳದೆ ವಿಧಿಯಿರಲಿಲ್ಲ. “ನಂದು ಇಲ್ಲ ಅಣ್ಣಾ. ಆ ಫೋಟೋದಲ್ಲಿ ಹೊಳೀತಿದ್ದಿದ್ದು ಬದುಕಿರೋ ಕೋಶ ಅಲ್ಲ. ಅವೆಲ್ಲ ಸತ್ತುಹೋಗಿದ್ವು. ಬಣ್ಣ ಮಾತ್ರ ಉಳ್ಕೊಂಡಿತ್ತು. ನಾನು ಸರಿಯಾಗಿ ನೋಡ್ದೇ ನಿನಗೆ ಆಸೆ ಹುಟ್ಟಿಸ್ದೆ.”

ಅವನು ಚಾವಣಿಯನ್ನು ನೋಡುತ್ತ ಮಲಗಿದ್ದ. “ಯಾವಾಗ ಗೊತ್ತಾಯ್ತು?”

ಅವಳು ಕೋಟಿನ ಗುಂಡಿ ತಿರುವುತ್ತ ನಿಂತಳು.

“ಅವತ್ತು ಟೀ ಕುಡಿದು ಹೋದ್ಯಲ್ಲ, ಅವತ್ತು ಗೊತ್ತಿತ್ತಾ?”

“ಗೊತ್ತಿತ್ತು.”

ಅಣ್ಣ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತೇನೆ ಎನ್ನುತ್ತಾರಲ್ಲ, ಮಿಣುಕಿ ನಿಜವಾಗಿಯೂ ನೆಲ ನೋಡಿದಳು. ಆಸ್ಪತ್ರೆಯ ನೆಲ, ಫಿನಾಯಿಲ್ ಹಾಕಿ ಒರೆಸಿದ್ದು, ಹಾಗೆಲ್ಲ ಬಾಯಿಬಿಡುವಂಥದ್ದಲ್ಲ.

ಅಷ್ಟರಲ್ಲಿ ನರ್ಸ್ ಜೊತೆ ಸರ್ಜನ್ ಬಂದರು, ಹಿಂದೆಯೇ ಔಷಧಿಯ ಚೀಲ ಹಿಡಿದು ಅತ್ತಿಗೆ. ಸರ್ಜನ್ ಕಾಗದಗಳನ್ನು ತಿರುವಿ ಸಿಟ್ಟಿನಿಂದಲೇ ಕೇಳಿದರು. “ಎಷ್ಟು ಸಲ ಫೋನ್ ಮಾಡಿಸಿದೀನಿ ನಾನು? ಆಗಲೇ ಬಂದಿದ್ರೆ ಸಲೀಸಾಗಿ ಆಗ್ತಿತ್ತು. ಯಾಕೆ ಬರಲಿಲ್ಲ ನೀವು?”

ಅಣ್ಣ ಗೋಡೆಯ ಕಡೆಯಿಂದ ಮುಖ ತಿರುಗಿಸಿದ.

“ಭಯ ಡಾಕ್ಟ್ರೇ” ಎಂದ. “ಎದೆ ಕೊಯ್ತಾರೆ ಅಂದ್ರೆ ಭಯ ನನಗೆ. ನನ್ನ ತಂಗಿ ಹೋಗು ಹೋಗು ಅಂತಾನೇ ಇದ್ಲು. ನಾನೇ ಏನೇನೋ ನೆಪ ಹೇಳ್ಕೊಂಡು ತಿರುಗ್ದೆ.”

ಔಷಧಿಯ ಚೀಲ ಅತ್ತಿಗೆಯ ಕೈಯಿಂದ ಮಂಚದ ಮೇಲೆ ಬಿತ್ತು. “ಭಯಾನಾ? ಭಯ ಪಡೋರಿಗೆಲ್ಲ ಬೈತೀರಲ್ಲ ಜೀವಮಾನ ಪೂರ್ತಿ! ಭಯ ಅಂತ ನನ್ನ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು? ಆ ಫೋಟೋ ಹಿಡ್ಕೊಂಡು ಊರೆಲ್ಲ ಕುಣಿದ್ರಲ್ಲ, ಅದೂ ನೆಪಾನಾ? ಹೇಡಿ! ಇಂಥ ಹೇಡೀನ ಕಟ್ಕೊಂಡೆನಾ ನಾನು?”

ಅಣ್ಣ ಕಣ್ಣು ಮುಚ್ಚಿ ಬೈಸಿಕೊಳ್ಳುತ್ತಿದ್ದ. ಹೇಡಿ ಎಂಬ ಮಾತನ್ನು ಯಾರ ಬಾಯಿಂದಲೂ ಕೇಳದವನು, ಸರ್ಜನ್ ಮುಂದೆ, ನರ್ಸ್ ಮುಂದೆ, ಕಟ್ಟಿಕೊಂಡ ಹೆಂಡತಿಯಿಂದ ಕೇಳಿಸಿಕೊಂಡು ಸುಮ್ಮನಿದ್ದ. ಮತ್ತು ಮಿಣುಕಿ, ಹೇಳಲೇಬೇಕು, ಆ ಹೊತ್ತಿನಲ್ಲಿ ಅವಳಿಗೆ ಮೊದಲು ಆದದ್ದು ನಿರಾಳ. ಯಾರಿಗೂ ಗೊತ್ತಾಗುವುದಿಲ್ಲ ಎಂಬ ನಿರಾಳ. ಅತ್ತಿಗೆ ಇನ್ನೆರಡು ಮಾತು ಬೈದು ಮುಗಿಸುವವರೆಗೂ ಅವಳು ಆ ನಿರಾಳದಲ್ಲಿ ನಿಂತೇ ಇದ್ದಳು. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಅತ್ತಿಗೆ, ಅಣ್ಣ ಹೇಳ್ತಿರೋದು ಸುಳ್ಳು. ಕಾಯಬೇಕು ಅಂತ ನಾನೇ ಹೇಳಿದ್ದು.”

“ಏ, ಬಾಯ್ಮುಚ್ಚೇ!” ಎಂದ ಅಣ್ಣ. ಅವನಿಗೆ ಕೆಮ್ಮು ಬಂತು.

ಅವಳು ಬಾಯಿ ಮುಚ್ಚಲಿಲ್ಲ. ಫೋಟೋ ಸುಳ್ಳೆಂದು ತಿಳಿದದ್ದು, ತಿಳಿದ ಮೇಲೂ ಬಂದು ಟೀ ಕುಡಿದು ಹೋದದ್ದು, ಎಲ್ಲ ಹೇಳಿದಳು. ಸರ್ಜನ್ ಅವಳ ಬಿಳಿ ಕೋಟನ್ನೊಮ್ಮೆ ನೋಡಿದರು. ಕಾಗದಗಳನ್ನು ಮಡಚಿಕೊಂಡು ಹೊರಗೆ ಹೋದರು. ಅವಳು ಅಲ್ಲೇ ಕೋಟು ಬಿಚ್ಚಿ ಕೈಯಲ್ಲಿ ಮುದುರಿಕೊಂಡಳು.

ಅತ್ತಿಗೆ ಬಿದ್ದ ಚೀಲ ಎತ್ತಿ ಮೇಜಿನ ಮೇಲಿಟ್ಟರು. ಗಂಡನ ಹೊದಿಕೆ ಸರಿ ಮಾಡಿದರು. ಆಮೇಲೆ, ಅವಳನ್ನು ನೋಡದೆಯೇ, “ಮೊದಲು ಇವರು ಎದ್ದು ಬರಲಿ. ಅಲ್ಲೀವರೆಗೂ ನಿನ್ನ ಹತ್ರ ನನಗೆ ಮಾತಿಲ್ಲ” ಎಂದರು.

ಮಾರನೆಯ ದಿನ ಆಪರೇಷನ್ ಕೋಣೆಯ ಹೊರಗೆ ಇಬ್ಬರೂ ಕೂತರು. ನಡುವೆ ಒಂದು ಕುರ್ಚಿ ಖಾಲಿಯಿತ್ತು. ಮಿಣುಕಿ ತಂದಿಟ್ಟ ನೀರಿನ ಬಾಟಲಿಯನ್ನು ಅತ್ತಿಗೆ ಮುಟ್ಟಲಿಲ್ಲ. ಅವರು ಬೈದರೆ ಸಾಕಿತ್ತು, ಕೆನ್ನೆಗೆ ಬಾರಿಸಿದರೂ ಸರಿಯೆನಿಸಿತ್ತು. ಬೈಸಿಕೊಳ್ಳಬೇಕಾದರೆ ಅಣ್ಣ ಬದುಕಬೇಕು. ಬೈಗುಳಕ್ಕಾಗಿ ಅವಳಷ್ಟು ಆಸೆಪಟ್ಟು ಕಾದವರು ಬೇರೆ ಯಾರೂ ಇರಲಿಕ್ಕಿಲ್ಲ.

ಬಾಗಿಲು ತೆರೆದು ಬಂದ ಸರ್ಜನ್ ಮುಖಗವಸು ಕೆಳಗೆಳೆದರು. “ಬದುಕಿದಾರೆ. ಹೃದಯ ತಾನಾಗೇ ಬಡೀತಾ ಇದೆ. ಆದ್ರೆ ಎಡಗಡೆ ಒಂದು ಭಾಗ ಪೂರ್ತಿ ಹೋಗಿದೆ, ಅದಿನ್ನು ಬರಲ್ಲ. ಮೆಟ್ಟಿಲು ಹತ್ತೋದು, ಭಾರ ಎತ್ತೋದು ಎಲ್ಲ ನಿಲ್ಲಿಸ್ಬೇಕು.”

“ಗಾಡಿ?” ಎಂದರು ಅತ್ತಿಗೆ.

“ಗಾಡೀನೂ ಬೇಡ. ಪಾಠ ಹೇಳೋ ಸೀಟೂ ಬೇಡ. ಆ ಕೆಲಸ ಮುಗೀತು ಅಂತ ತಿಳ್ಕೊಳ್ಳಿ.”

ಸರ್ಜನ್ ಹೋದ ಮೇಲೆ ಅತ್ತಿಗೆ ಅಳುತ್ತಲೇ ಅವಳ ಕಡೆ ತಿರುಗಿದರು. ಬೈಗುಳ ಈಗ ಬರುತ್ತದೆಂದು ಮಿಣುಕಿ ತಲೆ ತಗ್ಗಿಸಿ ನಿಂತಳು.

“ಎಚ್ಚರ ಆದ ತಕ್ಷಣ ಅವರು ಕೇಳೋದು ಗಾಡಿ ವಿಷಯಾನೇ” ಎಂದರು ಅತ್ತಿಗೆ. “ಡಾಕ್ಟ್ರು ಹೇಳೋದು ಬೇಡ, ನಾನೂ ಹೇಳಲ್ಲ. ನೀನೇ ಹೇಳು. ತಡ ಆಗಬಹುದು, ನೋಡ್ಬೇಕಾಗಿದೆ, ಅದೆಲ್ಲ ಬೇಡ. ಇಲ್ಲ ಅಂತ ಹೇಳು.”

ಅಣ್ಣನಿಗೆ ಎಚ್ಚರವಾದಾಗ ಮಂಚದ ಪಕ್ಕ ಅವಳೊಬ್ಬಳೇ ಇದ್ದಳು. ಅವನು ಅವಳನ್ನು ಗುರುತಿಸಿ ಕೈ ಚಾಚಿದ. ಅವಳು ಹಿಡಿದುಕೊಂಡಳು. ಅವನ ತುಟಿ ಒಣಗಿತ್ತು, ಮಾತು ಕೇಳಲು ಅವಳು ಬಗ್ಗಬೇಕಾಯಿತು.

“ಮಿಣುಕಿ... ಗಾಡಿ ಯಾವಾಗಿಂದ ಹತ್ತಬಹುದಂತೆ?”

“ಇಲ್ಲ ಅಣ್ಣಾ” ಎಂದಳು. “ಇನ್ನು ಯಾವತ್ತೂ ಇಲ್ಲ.”

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ ತನ್ನ ಕೈ ಬಿಡಿಸಿಕೊಂಡು ಹೊದಿಕೆಯೊಳಗೆ ಎಳೆದುಕೊಂಡ. ಅವಳು ಕುರ್ಚಿಯಿಂದ ಏಳಲಿಲ್ಲ.